ಪಿಚರ್ ಜರ್ಟ್ರೂಡಳ ಸನ್ಮಾನ

ದೇವರು ಒಂದೊಂದು ಜನಕ್ಕೆ ಒಂದೊಂದು ವರ ಕೊಟ್ಟು ಭೂಮಿಗೆ ಕಳುಹಿಸಿದ್ದಾನೆ. ಕೆಲವರಿಗೆ ಹಾಡುವ ಕೊರಳು, ಕೆಲವರಿಗೆ ನೀರಿನ ಬಣ್ಣ ನೋಡಿ ಮೀನಿನ ಜಾಡು ಹೇಳುವ ಕಣ್ಣು. ದೋಹಾದ ಪಡುಗಡಲ ಬಳಗದವರಿಗೆ ಅವನು ಕೊಟ್ಟದ್ದು ಸನ್ಮಾನ ಮಾಡುವ ವರ. ಒಬ್ಬ ಮನುಷ್ಯನನ್ನು ಹಿಡಿದು ಕುರ್ಚಿಯಲ್ಲಿ ಕೂರಿಸಿ, ತಲೆಗೆ ಪೇಟ ತೊಡಿಸಿ, ಹೆಗಲಿಗೆ ಶಾಲು ಹೊದೆಸಿ, ಮಡಿಲಲ್ಲಿ ಹಣ್ಣಿನ ಬುಟ್ಟಿಯಿಟ್ಟು, ಅವನ ಎದುರಿಗೇ ಅವನ ಬಗ್ಗೆ ಮುಕ್ಕಾಲು ಗಂಟೆ ಮಾತಾಡುವುದನ್ನು ಅವರು ಪೂಜೆಯಂತೆ ಶ್ರದ್ಧೆಯಿಂದ ಮಾಡುತ್ತಿದ್ದರು. ಊರಿಗೆ ಹೊರಟವರಿಗೆ ಸನ್ಮಾನ, ಊರಿನಿಂದ ಬಂದವರಿಗೆ ಸನ್ಮಾನ, ಹೋಗಲಾರದೆ ಉಳಿದವರಿಗೂ ಒಂದು. ಒಮ್ಮೆ ಯಾರೂ ಸಿಗದೆ ಹೋದಾಗ, ಹಿಂದಿನ ತಿಂಗಳ ಸನ್ಮಾನವನ್ನು ಚೆನ್ನಾಗಿ ನಡೆಸಿಕೊಟ್ಟನೆಂದು ಬಳಗದ ಕಾರ್ಯದರ್ಶಿ ಯಜ್ಞೇಶನನ್ನೇ ಕೂರಿಸಿ ಸನ್ಮಾನಿಸಿದ್ದುಂಟು. ಅವನು ನಿರೂಪಣೆಯನ್ನೂ ತಾನೇ ಮಾಡಬೇಕಾಗಿದ್ದರಿಂದ, ತನ್ನನ್ನು ತಾನೇ ವೇದಿಕೆಗೆ ಕರೆದುಕೊಂಡು, ತಾನೇ ಹೋಗಿ ಕೂತಿದ್ದ.

ಇಂಥ ಬಳಗ ಸಾಫ್ಟ್‌ಬಾಲ್ ಆಡಲು ಇಳಿದ ಕಥೆ ಇದು.

ಎರಡು ಸಾವಿರದ ಆರರ ಡಿಸೆಂಬರಿನಲ್ಲಿ ದೋಹಾದಲ್ಲಿ ಏಷ್ಯನ್ ಗೇಮ್ಸ್ ನಡೆಯಿತಲ್ಲ, ಆಗ ಬಳಗದ ಅಧ್ಯಕ್ಷರಾದ ಅಪ್ಪಯ್ಯನವರು ಸ್ವಯಂಸೇವಕರಾಗಿ ಹೆಸರು ಕೊಟ್ಟರು. ಒಂದು ಕಂಟ್ರಾಕ್ಟ್ ಕಂಪನಿಯಲ್ಲಿ ಆಡಳಿತ ನೋಡಿಕೊಳ್ಳುವ ಐವತ್ತಾರರ ಗಟ್ಟಿ ಆಳು. ಅವರ ಪಾಲಿಗೆ ಸಾಫ್ಟ್‌ಬಾಲ್ ಮೈದಾನದ ಕಾರ್ ಪಾರ್ಕಿಂಗ್ ಗೇಟು ಬಂತು. ಅಷ್ಟೂ ದಿನ ಆಟಕ್ಕೆ ಬೆನ್ನು ಹಾಕಿ ನಿಂತು, ಕಾರುಗಳಿಗೆ ಕೈ ತೋರಿಸಿದರು. ಒಂದೇ ಒಂದು ಚೆಂಡನ್ನು ಕಣ್ಣಿನಿಂದ ನೋಡಲಿಲ್ಲ. ಬೆನ್ನ ಹಿಂದೆ ಏಳುವ ಗದ್ದಲವನ್ನು ಮಾತ್ರ ಕೇಳಿದರು. ಎಷ್ಟೋ ಭಕ್ತರಿಗೆ ಭಗವಂತನ ವಿಷಯದಲ್ಲಿ ಇರುವ ಅನುಭವವೂ ಅಷ್ಟೇ ಆದ್ದರಿಂದ ಅದನ್ನು ಕಡಿಮೆಯೆಂದು ಹೇಳುವಂತಿಲ್ಲ. ಗೇಮ್ಸ್ ಮುಗಿಯುವಾಗ ಅವರಿಗೊಂದು ಜಾಕೆಟು ಸಿಕ್ಕಿತು. ಅದನ್ನು ತೊಟ್ಟ ಮೇಲೆ ಅವರು ಸಾಫ್ಟ್‌ಬಾಲಿನ ವಿಷಯದಲ್ಲಿ ಬಳಗದಲ್ಲಿ ಕೊನೆಯ ಮಾತು ಹೇಳುವವರಾದರು.

ಜನವರಿಯಲ್ಲಿ ಅಲ್ ಸದ್ದ್‌ನ ಯಜ್ಞೇಶನ ಫ್ಲ್ಯಾಟಿನಲ್ಲಿ ಸಭೆ ಸೇರಿತು.

“ಕ್ರಿಕೆಟ್ ಆ ಇನ್ನೊಂದು ಬಳಗದವರ ಕೈಯಲ್ಲುಂಟು. ತ್ರೋಬಾಲ್ ಕೂಡ ಅವರದ್ದೇ. ಕಬಡ್ಡಿಯೂ ಹೋಯ್ತು,” ಎಂದರು ಅಪ್ಪಯ್ಯ. “ಇಲ್ಲಿ ಸಾಫ್ಟ್‌ಬಾಲಿನ ಶುಕ್ರವಾರದ ಲೀಗ್ ಒಂದುಂಟು. ಫಿಲಿಪ್ಪೀನ್ಸಿನವರ ಎರಡು ಟೀಮು, ಕೆನಡಾದವರದ್ದೊಂದು, ಅಮೆರಿಕದ ಮೇಷ್ಟ್ರುಗಳದ್ದೊಂದು, ಜಪಾನಿನವರದ್ದೊಂದು. ಆರನೇದು ನಮ್ಮದು. ಇಂಡಿಯಾದಿಂದ ಬೇರೆ ಯಾರೂ ಇಲ್ಲ. ಅಂದ್ರೆ ಆಡುವ ಮೊದಲೇ ನಾವು ಫಸ್ಟ್!”

“ಆಡ್ಲಿಕ್ಕೆ ಯಾರಿಗೆ ಗೊತ್ತುಂಟು ಅಣ್ಣ?” ಎಂದು ಕೇಳಿದ ಮುಸ್ತಫಾ. ಮುಶೈರಿಬ್‌ನಲ್ಲಿ ಅವನಿಗೆ ಕಾರಿನ ಬಿಡಿಭಾಗಗಳ ಅಂಗಡಿ. ಸಭೆಯಲ್ಲಿ ಉಪಯೋಗಕ್ಕೆ ಬರುವ ಪ್ರಶ್ನೆ ಕೇಳುವ ಕೆಟ್ಟ ಚಾಳಿ.

“ಅದೆಲ್ಲ ಆಮೇಲೆ ಮಾರಾಯ. ಮೊದಲು ಉದ್ಘಾಟನೆಗೆ ಯಾರನ್ನು ಕರೆಯುವುದು, ಅದು ಹೇಳು.”

ಆಗ ಅಡುಗೆಮನೆಯ ಬಾಗಿಲಿನಿಂದ ಒಂದು ಹೆಣ್ಣು ಧ್ವನಿ ಬಂತು. “ನಾನು ಆಡಿದ್ದೇನೆ.”

ಎಲ್ಲರೂ ತಿರುಗಿ ನೋಡಿದರು. ಗೋಳಿಬಜೆಯ ತಟ್ಟೆ ಹಿಡಿದು ಜರ್ಟ್ರೂಡ್ ನಿಂತಿದ್ದಳು. ನಲವತ್ತೆರಡರ ಹೆಂಗಸು. ಒಂದು ಕ್ಲಿನಿಕ್ಕಿನಲ್ಲಿ ರಕ್ತಪರೀಕ್ಷೆಯ ಕೆಲಸ. ಹದಿನಾರು ವರ್ಷದಿಂದ ಬಳಗದ ಪ್ರತಿ ಸಭೆಗೂ ಬಂದಿದ್ದಳು, ಪ್ರತಿ ಸಭೆಯಲ್ಲೂ ತಟ್ಟೆ ಹಿಡಿದಿದ್ದಳು. ಹಾಗಾಗಿ ಅವಳಿಗೂ ಮಾತು ಬರುತ್ತದೆಂಬುದು ಕೆಲವರಿಗೆ ಅಂದೇ ತಿಳಿದದ್ದು.

“ಮಂಗಳೂರಿನಲ್ಲಿ, ಕಾಲೇಜಿನಲ್ಲಿರುವಾಗ. ಯೂನಿವರ್ಸಿಟಿ ಟೀಮಿನಲ್ಲಿ ಎರಡು ವರ್ಷ ಪಿಚರ್ ಆಗಿದ್ದೆ.”

“ಪಿಚರ್ ಅಂದ್ರೆ?” ಎಂದ ಯಜ್ಞೇಶ.

“ಚೆಂಡು ಹಾಕುವವಳು. ಬೌಲರಿನ ಹಾಗೆ. ಆದ್ರೆ ಕೈ ಕೆಳಗಿನಿಂದ ಹಾಕ್ಬೇಕು.”

ಅಪ್ಪಯ್ಯನವರ ಮುಖ ಅರಳಿತು. ಊರಿನ ಕಡೆ ಕ್ರೈಸ್ತ ಹೆಂಗಸರನ್ನು ಕರೆಯುವ ಹಾಗೆ ಕರೆದರು: “ಬಾಯಮ್ಮಾ! ಇಷ್ಟು ವರ್ಷ ಒಂದು ಮಾತು ಹೇಳ್ಲಿಲ್ಲವಲ್ಲ ನೀವು! ನಿಮ್ಮನ್ನು ನಾವು ಗುರುತಿಸಬೇಕು.”

ಬಳಗದ ಭಾಷೆಯಲ್ಲಿ ಗುರುತಿಸುವುದೆಂದರೆ ಏನೆಂದು ಜರ್ಟ್ರೂಡಳಿಗೆ ಗೊತ್ತಿತ್ತು. ಅವಳು ಗಾಬರಿಯಿಂದ, “ಅದೆಲ್ಲ ಬೇಡ ಅಪ್ಪಯ್ಯಣ್ಣ. ಒಂದು ಮ್ಯಾಚ್ ಪಿಚ್ ಮಾಡ್ಲಿಕ್ಕೆ ಬಿಟ್ಟರೆ ಸಾಕು,” ಎಂದಳು. ವಿನಯದಿಂದ ಹೇಳುತ್ತಿದ್ದಾಳೆಂದು ಎಲ್ಲರೂ ಮೆಚ್ಚಿಕೊಂಡರು.

ವಿನಯವಲ್ಲ, ಅದು ಹಸಿವು. ಎಂಬತ್ತೈದನೆಯ ಇಸವಿಯಲ್ಲಿ ಅವಳ ತಂಡ ಅಂತರ ವಿಶ್ವವಿದ್ಯಾಲಯ ಪಂದ್ಯಾಟದ ಫೈನಲಿಗೆ ಬಂದಿತ್ತು. ಆ ಭಾನುವಾರವೇ ಅವಳ ನಿಶ್ಚಿತಾರ್ಥವೂ ಬಂತು. ಗಲ್ಫಿನ ಹುಡುಗ ಎಡ್ವರ್ಡನಿಗೆ ಇದ್ದದ್ದು ಇಪ್ಪತ್ತೊಂದು ದಿನದ ರಜೆ. ಫೈನಲನ್ನು ಮುಂದೂಡಿ ಎನ್ನಲು ಮನೆಯಲ್ಲಿ ಯಾರಿಗೂ ತೋಚಲಿಲ್ಲ, ನಿಶ್ಚಿತಾರ್ಥವನ್ನು ಮುಂದೂಡಿ ಎನ್ನಲು ಅವಳಿಗೆ ಬಾಯಿ ಬರಲಿಲ್ಲ. ಬೇರೊಬ್ಬಳು ಚೆಂಡು ಹಾಕಿದಳು, ತಂಡ ಸೋತಿತು. ಎಡ್ವರ್ಡ್ ಒಳ್ಳೆಯ ಗಂಡನೇ ಆದ. ಮಕ್ಕಳಿಬ್ಬರು ಹುಟ್ಟಿದರು, ಓದಿದರು, ದೂರ ಹೋದರು. ಅವಳು ಯಾರಲ್ಲೂ ದೂರಲಿಲ್ಲ. ಆದರೆ ಆ ಭಾನುವಾರದ ಚೆಂಡು ಇಪ್ಪತ್ತೆರಡು ವರ್ಷದಿಂದ ಅವಳ ಬಲಗೈಯಲ್ಲೇ ಉಳಿದುಬಿಟ್ಟಿತ್ತು. ಅದನ್ನು ಒಮ್ಮೆ ಹಾಕಿಬಿಡಬೇಕಾಗಿತ್ತು, ಅಷ್ಟೇ.

ಅಲ್ ಗರಾಫಾದ ಒಂದು ಖಾಲಿ ಜಾಗದಲ್ಲಿ ಅಭ್ಯಾಸ ಶುರುವಾಯಿತು. ಬಂದವರೆಲ್ಲ ಕ್ರಿಕೆಟಿನವರು. ಚೆಂಡಿಗೆ ಹೊಡೆದವರು ಬ್ಯಾಟನ್ನು ಎದೆಗೆ ಅಪ್ಪಿಕೊಂಡೇ ಓಡುತ್ತಿದ್ದರು.

“ಬ್ಯಾಟ್ ಬಿಟ್ಟು ಓಡಿ ಮಾರಾಯ್ರೆ!” ಎಂದು ಜರ್ಟ್ರೂಡ್ ಕೂಗುತ್ತಿದ್ದಳು.

“ಬಿಟ್ಟರೆ ಔಟ್ ಕೊಡುದಿಲ್ವಾ ಅಕ್ಕ?” ಎಂದು ಯಜ್ಞೇಶ ಓಡುತ್ತಲೇ ಕೇಳುತ್ತಿದ್ದ.

ಮುಸ್ತಫಾನನ್ನು ಅವಳು ಕ್ಯಾಚರ್ ಮಾಡಿದಳು, ಅಂದರೆ ಬ್ಯಾಟು ಹಿಡಿದವರ ಬೆನ್ನ ಹಿಂದೆ ಕೂತು ಚೆಂಡು ಹಿಡಿಯುವವನು. ಎರಡನೆಯ ದಿನ ಅವನ ಹೆಬ್ಬೆರಳು ಬದನೆಕಾಯಿಯಂತಾಯಿತು. “ಇದಕ್ಕೆ ಸಾಫ್ಟ್ ಅಂತ ಹೆಸರಿಟ್ಟವನ ವಿಳಾಸ ಸಿಕ್ಕೀತಾ ಜರ್ಟ್ರೂಡಕ್ಕ? ಒಂದು ಸಲ ಮಾತಾಡ್ಬೇಕಿತ್ತು,” ಎಂದ.

ಜರ್ಟ್ರೂಡಳಿಗೂ ಒಂದು ಪಾಠ ಕಾದಿತ್ತು. ಕಾಲೇಜಿನಲ್ಲಿ ಅವಳು ಆಡಿದ್ದು ವೇಗದ ಆಟ. ತೋಳನ್ನು ಗಾಣದಂತೆ ತಿರುಗಿಸಿ ಚೆಂಡನ್ನು ಬಾಣದಂತೆ ಬಿಡುತ್ತಿದ್ದಳು. ಇಲ್ಲಿಯದು ನಿಧಾನದ ಆಟ. ಚೆಂಡು ಮೆಲ್ಲನೆ ಮೇಲೇರಿ, ಆಳೆತ್ತರಕ್ಕೂ ಮೇಲೆ ಹೋಗಿ, ಕಮಾನಿನಂತೆ ಬಾಗಿ ಇಳಿಯಬೇಕು. ಲೀಗಿನ ಅಂಪೈರ್ ಎಡ್ನಾ ಅದನ್ನು ತೋರಿಸಿಕೊಟ್ಟಳು. ಒಂದು ಬಟ್ಟೆ ಅಂಗಡಿಯಲ್ಲಿ ಮೇಲ್ವಿಚಾರಕಿಯಾಗಿದ್ದ ಫಿಲಿಪ್ಪೀನ್ಸಿನ ಈ ಹೆಂಗಸು ಜರ್ಟ್ರೂಡಳ ಹೆಗಲಿನಷ್ಟೂ ಎತ್ತರವಿರಲಿಲ್ಲ. ಕೆನಡಾದ ಆರಡಿ ಆಳುಗಳು ಅವಳ ಮುಂದೆ ಕೈಕಟ್ಟಿ ನಿಲ್ಲುತ್ತಿದ್ದರು.

“ವೇಗ ಬೇಡ ಮ್ಯಾಮ್,” ಎಂದಳು ಎಡ್ನಾ. “ಮೇಲೆ ಕಳಿಸಿ ಬಿಟ್ಟುಬಿಡಿ. ಕಾಯುವುದು ಹೊಡೆಯುವವನ ಕಷ್ಟ, ನಿಮ್ಮದಲ್ಲ.”

ಇಪ್ಪತ್ತರಲ್ಲಿ ಈ ಮಾತು ಹೇಳಿದ್ದರೆ ಜರ್ಟ್ರೂಡ್ ನಕ್ಕುಬಿಡುತ್ತಿದ್ದಳು. ನಲವತ್ತೆರಡರಲ್ಲಿ ಅದು ಅವಳಿಗೆ ಪ್ರವಚನದಂತೆ ಕೇಳಿಸಿತು. ಎರಡು ವಾರದಲ್ಲಿ ಅವಳ ಚೆಂಡು ಪ್ರಾರ್ಥನೆಯಂತೆ ಮೇಲೆ ಹೋಗಿ, ಉತ್ತರದಂತೆ ನಿಧಾನವಾಗಿ ಇಳಿಯತೊಡಗಿತು.

ಮೊದಲನೆಯ ಪಂದ್ಯದ ಶುಕ್ರವಾರ ಬಂತು. ಆಟ ಮೂರು ಗಂಟೆಗೆ. ಲೀಗಿನ ನಿಯಮ ಸರಳ: ಮೂರು ಗಂಟೆ ಹತ್ತು ನಿಮಿಷದೊಳಗೆ ಕನಿಷ್ಠ ಎಂಟು ಮಂದಿ ಮೈದಾನದಲ್ಲಿ ತಮ್ಮ ಜಾಗದಲ್ಲಿ ನಿಂತಿರಬೇಕು. ಇಲ್ಲದಿದ್ದರೆ ಎದುರಿನ ತಂಡ ಗೆದ್ದ ಹಾಗೆ. ಮೂರು ಸಲ ಹೀಗಾದರೆ ತಂಡ ಲೀಗಿನಿಂದಲೇ ಹೊರಗೆ. ಈ ನಿಯಮ ಮಾಡಿದವರು ಕರಾವಳಿಯ ಒಂದೇ ಒಂದು ಸಭಾ ಕಾರ್ಯಕ್ರಮವನ್ನೂ ನೋಡಿರಲಿಲ್ಲವೆಂಬುದು ಸ್ಪಷ್ಟ.

ಅಂದು ದೀಪ ಬೆಳಗಿಸಿ ಉದ್ಘಾಟನೆಯೆಂದಾಯಿತು. ಬಯಲು ಮೈದಾನ, ಬಡಗಣ ಗಾಳಿ. ಅಪ್ಪಯ್ಯ ಹಚ್ಚಿದರು, ಆರಿತು. ಉದ್ಘಾಟಕರು ಹಚ್ಚಿದರು, ಆರಿತು. ಆಟಗಾರರೆಲ್ಲ ದೀಪದ ಸುತ್ತ ಗೋಡೆಯಂತೆ ನಿಂತರು, ಮುಸ್ತಫಾ ತನ್ನ ಕ್ಯಾಚರಿನ ಕವಚವನ್ನೇ ಅಡ್ಡ ಹಿಡಿದ. ಐದು ಬತ್ತಿಗಳಲ್ಲಿ ನಾಲ್ಕು ಹತ್ತಿದವು, ಐದನೆಯದಕ್ಕೆ ಹೋಗುವಷ್ಟರಲ್ಲಿ ಮೊದಲನೆಯದು ಆರಿತು. ಎದುರಿನ ತಂಡದ ಅಮೆರಿಕದ ಮೇಷ್ಟ್ರುಗಳು ಇದು ಮೃತರ ಸ್ಮರಣೆಯಿರಬೇಕೆಂದು ಟೋಪಿ ತೆಗೆದು ಎದೆಗೆ ಹಿಡಿದು ನಿಂತಿದ್ದರು. ಐದೂ ಬತ್ತಿಗಳು ಒಟ್ಟಿಗೆ ಉರಿದ ಪುಣ್ಯ ಗಳಿಗೆಯಲ್ಲಿ ಎಡ್ನಾ ಕೈಗಡಿಯಾರ ನೋಡಿ, ಪಂದ್ಯವನ್ನು ಮೇಷ್ಟ್ರುಗಳಿಗೆ ಬರೆದುಕೊಟ್ಟಳು.

“ಮಾಫಿ ಮುಷ್ಕಿಲ್, ಏನೂ ತೊಂದರೆ ಇಲ್ಲ,” ಎಂದರು ಅಪ್ಪಯ್ಯ. “ಕಾರ್ಯಕ್ರಮ ಚಂದ ಆಯ್ತಲ್ಲ!”

ಎರಡನೆಯ ಶುಕ್ರವಾರ ಜಪಾನಿನವರೊಂದಿಗೆ ಪಂದ್ಯ. ಮುಖ್ಯ ಅತಿಥಿಗಳು ಮೂರೂ ಇಪ್ಪತ್ತಕ್ಕೆ ಬಂದರು. ಅವರಿಲ್ಲದೆ ಶುರು ಮಾಡುವಂತಿಲ್ಲ, ಅವರು ಬರುವವರೆಗೆ ಯಾರೂ ಏಳುವಂತಿಲ್ಲ. ಜಪಾನಿನವರು ಮೂರೂ ಹತ್ತಕ್ಕೆ ಗೆದ್ದು, ಸಾಲಾಗಿ ನಿಂತು, ಖಾಲಿ ಕುರ್ಚಿಗೂ ಸೇರಿಸಿ ತಲೆಬಾಗಿ ನಮಸ್ಕರಿಸಿ ಹೊರಟುಹೋದರು.

ಜರ್ಟ್ರೂಡ್ ಅಂದು ಕಾರಿನವರೆಗೂ ಅಪ್ಪಯ್ಯನವರ ಹಿಂದೆ ನಡೆದಳು.

“ಅಪ್ಪಯ್ಯಣ್ಣ, ಇನ್ನೊಂದು ಸಲ ಹೀಗಾದ್ರೆ ಖಲಾಸ್. ನಮ್ಮನ್ನು ಲೀಗಿನಿಂದ ತೆಗಿತಾರೆ. ಸಭೆ ಎಲ್ಲ ಆಟ ಮುಗಿದ ಮೇಲೆ ಇಟ್ಟುಕೊಳ್ಳುವಾ.”

ಅಪ್ಪಯ್ಯ ಕಾರಿನ ಬಾಗಿಲು ಹಿಡಿದು ನಿಂತರು. ಅವರ ಮುಖದಲ್ಲಿ ನಿಜವಾದ ಸಂಕಟವಿತ್ತು. “ಆಟ ಮುಗಿದ ಮೇಲೆ ಯಾರು ಕೂತುಕೊಳ್ತಾರೆ ಬಾಯಮ್ಮ? ಇಪ್ಪತ್ತು ವರ್ಷದಿಂದ ನೋಡಿದ್ದೇನೆ. ಊಟದ ಮೊದಲು ಭಾಷಣ ಇಟ್ಟರೆ ಜನ ಉಂಟು, ಊಟ ಆದ ಮೇಲೆ ಇಟ್ಟರೆ ಮೈಕಿನವನು ಕೂಡ ಇಲ್ಲ. ಆಟ ಅಂದ್ರೆ ಊಟದ ಹಾಗೆ. ಅದು ಮುಂದೆ ಇದ್ದರೆ ಮಾತ್ರ ಜನ ನಮ್ಮ ಮಾತು ಕೇಳುದು.”

ಸತ್ಯವಂತರ ಮಾತಿಗೆ ಎದುರು ಮಾತಿಲ್ಲ. ಜರ್ಟ್ರೂಡ್ ಕೈಗವಸನ್ನು ಚೀಲಕ್ಕೆ ತುರುಕಿದಳು. ಅದನ್ನು ನೋಡಿ ಅಪ್ಪಯ್ಯನವರ ಮನಸ್ಸು ಕರಗಿತು. ಮನಸ್ಸು ಕರಗಿದಾಗ ಅವರಲ್ಲಿರುವ ಔಷಧ ಒಂದೇ, ಅದೂ ಆಗಲೇ ತಯಾರಾಗಿತ್ತು.

“ಬೇಸರ ಮಾಡ್ಬೇಡಿ. ಬರುವ ಶುಕ್ರವಾರ ನಿಮಗೇ ಸನ್ಮಾನ. ತೀರ್ಮಾನ ಆಗಿದೆ. ‘ಹಿರಿಯ ಸಾಫ್ಟ್‌ಬಾಲ್ ಪಟು’ ಅಂತ. ವೃತ್ತಿಪರ ಸಾಫ್ಟ್‌ಬಾಲಿನ ಇತಿಹಾಸ ಪೂರ್ತಿ ನಾನೇ ಮಾತಾಡ್ತೇನೆ. ಯಜ್ಞೇಶ ಇಂಟರ್‌ನೆಟ್ಟಿನಿಂದ ಹನ್ನೊಂದು ಪುಟ ತೆಗೆದಿದ್ದಾನೆ.”

“ಬೇಡ ಅಣ್ಣ. ದಮ್ಮಯ್ಯ ಬೇಡ.”

“ಶಾಲು ಬಂದಾಯ್ತು, ನಿಮ್ಮ ಫೋಟೋ ಹಾಕಿ ಆಮಂತ್ರಣದ ಕಾಗದ ಪ್ರಿಂಟ್ ಆಯ್ತು. ಈಗ ಬೇಡ ಅಂದ್ರೆ ನನ್ನ ಕೆನ್ನೆಗೆ ಹೊಡೆದ ಹಾಗೆ.”

ಮನೆಗೆ ಬಂದರೆ ಎಡ್ವರ್ಡ್ ಆಗಲೇ ಊರಿಗೆ ಫೋನ್ ಮಾಡಿ ಮುಗಿಸಿದ್ದ. ಅತ್ತೆಗೆ, ನಾದಿನಿಗೆ, ಚರ್ಚಿನ ಕಡೆಯಿಂದ ವಠಾರ ನೋಡಿಕೊಳ್ಳುವ ಗುರಿಕಾರರಿಗೆ. “ಸನ್ಮಾನ ಅಂತ ಗೊತ್ತಾದ ಕೂಡಲೇ ಅಮ್ಮ ಅಳ್ಲಿಕ್ಕೇ ಶುರು ಮಾಡಿದ್ರು ಜೆರ್ಟಿ,” ಎಂದ. ಅಳಬೇಕೆಂದು ಅವಳಿಗೂ ಅನಿಸುತ್ತಿತ್ತು, ಕಾರಣ ಬೇರೆ. ಕೊನೆಗೆ ಅಪ್ಪಯ್ಯನವರಲ್ಲಿ ಒಂದು ಮಾತು ತೆಗೆದುಕೊಂಡಳು: ಸಭೆ ಎರಡಕ್ಕೆ ಶುರು, ಮೂರಕ್ಕೆ ಹತ್ತು ನಿಮಿಷ ಇರುವಾಗಲೇ ಮುಕ್ತಾಯ. ಅವರು ದೇವರ ಮೇಲೆ ಆಣೆಯಿಟ್ಟು ಒಪ್ಪಿದರು. ದೇವರನ್ನು ಕೇಳಿದವರು ಯಾರೂ ಇಲ್ಲ.

ಮೂರನೆಯ ಶುಕ್ರವಾರ. ಜರ್ಟ್ರೂಡ್ ಬೆಳಗಿನ ಬಲಿಪೂಜೆ ಮುಗಿಸಿ, ಒಂದೂಮುಕ್ಕಾಲಿಗೆ ಮೈದಾನದಲ್ಲಿದ್ದಳು. ಎರಡು ಗಂಟೆಗೆ ಮೈಕು ಬಂತು, ಎರಡೂ ಇಪ್ಪತ್ತಕ್ಕೆ ಮೈಕಿನ ವಯರು ಬಂತು. ಎರಡೂ ನಲವತ್ತಕ್ಕೆ ಯಜ್ಞೇಶ ಎಲ್ಲರನ್ನೂ ಸ್ವಾಗತಿಸಿದ. ಬಂದವರನ್ನು ಹೆಸರು ಹಿಡಿದು, ಬಾರದವರನ್ನು ನೆನಪಿಸಿಕೊಂಡು. ಮೂರಕ್ಕೆ ಐದು ನಿಮಿಷ ಇರುವಾಗ ಜರ್ಟ್ರೂಡಳನ್ನು ಕುರ್ಚಿಯಲ್ಲಿ ಕೂರಿಸಿದರು. ಪೇಟ ಬಂತು, ಶಾಲು ಬಂತು. ಸೇಬು, ಕಿತ್ತಳೆ, ಮಧ್ಯದಲ್ಲಿ ಒಂದು ಅನಾನಸು ಇದ್ದ ಬುಟ್ಟಿ ಮಡಿಲಿಗೆ ಬಂತು. ಅನಾನಸಿನ ಗರಿ ಗಲ್ಲಕ್ಕೆ ಚುಚ್ಚುತ್ತಿತ್ತು. ಮೊದಲ ಸಾಲಿನಲ್ಲಿ ಎಡ್ವರ್ಡ್ ಫೋಟೋ ತೆಗೆಯುತ್ತ, “ನಗು, ನಗು,” ಎಂದು ಸನ್ನೆ ಮಾಡುತ್ತಿದ್ದ.

ಅಪ್ಪಯ್ಯ ಜಾಕೆಟಿನ ಜಿಪ್ಪನ್ನು ಕೊರಳಿನವರೆಗೆ ಎಳೆದುಕೊಂಡು ಹನ್ನೊಂದು ಪುಟಗಳನ್ನು ಬಿಡಿಸಿದರು.

“ಬಂಧುಗಳೇ, ಸಾವಿರದ ಎಂಟುನೂರ ಎಂಬತ್ತೇಳು. ಚಿಕಾಗೋ ನಗರ. ಒಂದು ಕ್ಲಬ್ಬಿನ ಕೋಣೆಯಲ್ಲಿ ಕೆಲವು ಮಹನೀಯರು ಕಾಲ್ಚೆಂಡಿನ ಫಲಿತಾಂಶಕ್ಕಾಗಿ ಕಾಯುತ್ತಿದ್ದರು. ಒಬ್ಬರು ಬಾಕ್ಸಿಂಗಿನ ಕೈಗವಸು ಎಸೆದರು, ಇನ್ನೊಬ್ಬರು ಕೋಲಿನಿಂದ ಹೊಡೆದರು. ಅಲ್ಲಿಂದ ಈ ಆಟ ಹುಟ್ಟಿತು...”

ಮೈದಾನದ ನಡುವೆ ಕೆನಡಾದ ತಂಡ ಬ್ಯಾಟು ಹಿಡಿದು ಸಿದ್ಧವಾಗಿತ್ತು. ಹಿಂದಿನ ಎರಡು ವಾರದ ಸುದ್ದಿ ಕೇಳಿ ಅವರು ನೋಡಲೆಂದು ಹೆಂಡಿರು ಮಕ್ಕಳನ್ನೂ ಕರೆತಂದಿದ್ದರು. ಎಡ್ನಾ ಬ್ಯಾಟು ಹಿಡಿದವರು ನಿಲ್ಲುವ ಪ್ಲೇಟಿನ ಬಳಿ ನಿಂತು, ಜರ್ಟ್ರೂಡಳ ಕಡೆಗೆ ಎಡಗೈಯ ಗಡಿಯಾರವನ್ನು ಎತ್ತಿ ತೋರಿಸಿದಳು. ಮೂರು ಗಂಟೆ.

“ಇದು ಬಡವರ ಆಟವಾಗಿತ್ತು ಬಂಧುಗಳೇ. ಕಾರ್ಖಾನೆಯವರು ಆಡಿದರು. ಅಗ್ನಿಶಾಮಕದವರು ಆಡಿದರು...”

ಮೂರೂ ಮೂರು. ಅಪ್ಪಯ್ಯ ಎರಡನೆಯ ಪುಟ ಮಗುಚಿದರು.

ಜರ್ಟ್ರೂಡ್ ಕೂತೇ ಇದ್ದಳು. ತನ್ನನ್ನು ಹೊಗಳುತ್ತಿರುವಾಗ ಎದ್ದು ಹೋದವರನ್ನು ಅವಳು ಕೇಳಿದ್ದಿಲ್ಲ, ನೋಡಿದ್ದಿಲ್ಲ. ಹಿರಿಯರು ಕೂರಿಸಿದ ಕುರ್ಚಿಯಿಂದ ಏಳುವುದು ಅವಳು ಬೆಳೆದ ಮನೆಯಲ್ಲಿ ಪಾಪದ ಪಟ್ಟಿಯಲ್ಲಿ ಇರಲಿಲ್ಲ, ಯಾಕೆಂದರೆ ಅಂಥದ್ದನ್ನು ಯಾರಾದರೂ ಮಾಡಿಯಾರು ಎಂದು ಪಟ್ಟಿ ಮಾಡಿದವರಿಗೆ ಹೊಳೆದೇ ಇರಲಿಲ್ಲ. ನಿಶ್ಚಿತಾರ್ಥದ ದಿನವೂ ಅವಳು ಹೀಗೇ ಕುರ್ಚಿಯಲ್ಲಿದ್ದಳು, ಅಂದೂ ಎಲ್ಲರೂ ಪ್ರೀತಿಯಿಂದಲೇ ನೋಡುತ್ತಿದ್ದರು. ತನಗೆ ಅಡ್ಡಬಂದವರು ಯಾರೂ ಕೆಟ್ಟವರಲ್ಲ, ಅದೇ ಅವಳ ಕಷ್ಟ. ಕೆಟ್ಟವರಾಗಿದ್ದರೆ ಎದ್ದುಬಿಡುವುದು ಎಷ್ಟು ಸುಲಭವಾಗಿತ್ತು.

ಮೂರೂ ಐದು. ಎಡ್ನಾ ಐದು ಬೆರಳು ತೋರಿಸಿದಳು.

“ನಮ್ಮ ಮುಂದೆ ಕುಳಿತಿರುವ ಈ ತಾಯಿಗೆ ಆಟವೇ ಉಸಿರು, ಆಟವೇ ಬದುಕು!” ಎಂದರು ಅಪ್ಪಯ್ಯ.

ಜರ್ಟ್ರೂಡ್ ಮನಸ್ಸಿನಲ್ಲೇ ಒಂದು ಪುಟ್ಟ ಪ್ರಾರ್ಥನೆ ಹೇಳಿದಳು. ಬುಟ್ಟಿಯನ್ನು ಎತ್ತಿ ಪಕ್ಕದಲ್ಲಿದ್ದ ಮುಖ್ಯ ಅತಿಥಿಗಳ ಮಡಿಲಿಗಿಟ್ಟಳು. ಎದ್ದಳು. ಅಪ್ಪಯ್ಯನವರಿಗೆ ಕೈ ಮುಗಿದಳು. ಅವರು ಕೃತಜ್ಞತೆಯೆಂದು ತಿಳಿದು ತಲೆಯಾಡಿಸಿದರು. ಶಾಲು ಹೊದ್ದು, ಪೇಟ ತೊಟ್ಟಂತೆಯೇ ಅವಳು ವೇದಿಕೆಯ ಮೆಟ್ಟಿಲಿಳಿದು ಮೈದಾನದ ನಡುವೆ ನಡೆದಳು. ಪಿಚರಿನ ಬಿಳಿಯ ಪಟ್ಟಿಯ ಮೇಲೆ ನಿಂತು ತಿರುಗಿದಳು.

ಎಡ್ನಾ ಒಂದು ಬೆರಳೆತ್ತಿದಳು. “ಒಂದು.”

ಇನ್ನು ಏಳು ಮಂದಿ ಬೇಕು. ಕುರ್ಚಿಗಳಲ್ಲಿ ಯಾರೂ ಅಲುಗಾಡಲಿಲ್ಲ. ಎಡ್ವರ್ಡನ ಕ್ಯಾಮೆರಾ ಗಾಳಿಯಲ್ಲಿ ನಿಂತಿತ್ತು. ಮೂರೂ ಆರು.

ಮುಸ್ತಫಾ ಎದ್ದ. “ಕ್ಷಮೆ ಇರಲಿ ಅಣ್ಣ, ಹೆಬ್ಬೆರಳು ನೋವುಂಟು, ಕೂತ್ರೆ ಜಾಸ್ತಿ ಆಗ್ತದೆ,” ಎಂದು ಹೇಳಿ ಓಡಿದ. “ಎರಡು.” ಅವನ ಹೆಂಡತಿ ಶಮ್ನಾ ಓಡಿದಳು. ಪ್ರಾರ್ಥನೆ ಹಾಡಿದ ಅಶ್ವಿತಾ ಚಪ್ಪಲಿ ಬಿಟ್ಟು ಶೂ ಹುಡುಕುತ್ತಲೇ ಓಡಿದಳು. “ಮೂರು. ನಾಲ್ಕು.” ಹಿಂದಿನ ಸಾಲಿನಿಂದ ಶರಣ್, ದುಗ್ಗು, ತನಿಯ ಒಬ್ಬರ ಬೆನ್ನಿಗೆ ಒಬ್ಬರು ಅಡಗಿಕೊಂಡಂತೆ ಎದ್ದು ಬಂದರು. “ಏಳು,” ಎಂದಳು ಎಡ್ನಾ. ಮೂರೂ ಒಂಬತ್ತು.

ಎಂಟನೆಯವನೆಂದರೆ ಯಜ್ಞೇಶ. ಅವನು ಅಧ್ಯಕ್ಷರ ಪಕ್ಕದಲ್ಲಿ ಇನ್ನೊಂದು ಮೈಕು ಹಿಡಿದು ನಿಂತಿದ್ದ. ಅವನು ವಂದನಾರ್ಪಣೆ ಮಾಡಬೇಕಾಗಿತ್ತು. ವಂದನಾರ್ಪಣೆಯಿಲ್ಲದೆ ಮುಗಿದ ಸಭೆ ಬಳಗದ ಚರಿತ್ರೆಯಲ್ಲಿ ಒಂದೂ ಇರಲಿಲ್ಲ. ಅವನು ಜರ್ಟ್ರೂಡಳನ್ನು ನೋಡಿದ, ಅಧ್ಯಕ್ಷರನ್ನು ನೋಡಿದ, ಗಡಿಯಾರ ನೋಡಿದ.

“ಯಜ್ಞೇಶಾ!” ಎಂದು ಜರ್ಟ್ರೂಡ್ ಕೂಗಿದಳು. ಬಳಗದ ಸಭೆಯೊಂದರಲ್ಲಿ ಅವಳು ಜೋರಾಗಿ ಕೂಗಿದ್ದು ಅದೇ ಮೊದಲು. “ಬ್ಯಾಟ್ ಬಿಟ್ಟು ಓಡು ಅಂತ ಹೇಳಿದ್ದೆನಲ್ಲ, ಈಗ ಮೈಕ್ ಬಿಟ್ಟು ಓಡು!”

“ಬಂದವರಿಗೆಲ್ಲ ವಂದನೆಗಳು!” ಎಂದು ಯಜ್ಞೇಶ ಮೈಕಿನಲ್ಲಿ ಒಂದೇ ಉಸಿರಿಗೆ ಹೇಳಿ, ಅದನ್ನು ಮುಖ್ಯ ಅತಿಥಿಗಳ ಮಡಿಲಿನ ಅನಾನಸಿನ ಮೇಲಿಟ್ಟು ಹಾರಿದ. ಅವನ ಕಾಲು ಮೈದಾನದ ಗೆರೆ ದಾಟಿದಾಗ ಮೂರೂ ಹತ್ತಕ್ಕೆ ಏಳು ಸೆಕೆಂಡು ಬಾಕಿಯಿತ್ತು.

“ಎಂಟು,” ಎಂದಳು ಎಡ್ನಾ. “ಪ್ಲೇ ಬಾಲ್!”

ಅಪ್ಪಯ್ಯನವರು ಭಾಷಣ ನಿಲ್ಲಿಸಿದರೆ? ಇಲ್ಲ. ಭೂಕಂಪವಾದರೂ ಪುಟ ಬಿಟ್ಟು ಓದುವವರಲ್ಲ ಅವರು. ಹನ್ನೊಂದರಲ್ಲಿ ಎಂಟು ಪುಟ ಇನ್ನೂ ಇದ್ದವು. ಹೀಗೆ ಮೈದಾನದ ಒಂದು ಬದಿಯಲ್ಲಿ ಸಾಫ್ಟ್‌ಬಾಲಿನ ಇತಿಹಾಸವೂ ನಡುವೆ ಸಾಫ್ಟ್‌ಬಾಲೂ ಒಟ್ಟಿಗೇ ನಡೆಯತೊಡಗಿದವು. ಒಂದರ ಹಂಗು ಇನ್ನೊಂದಕ್ಕೆ ಇರಲಿಲ್ಲ.

ಜರ್ಟ್ರೂಡ್ ಪೇಟವನ್ನು ತೆಗೆದು ನೆಲಕ್ಕಿಟ್ಟಳು. ಶಾಲನ್ನು ಸೊಂಟಕ್ಕೆ ಬಿಗಿದಳು. ಮೊದಲ ಚೆಂಡು ಗಿಡ್ಡವಾಯಿತು. ಎರಡನೆಯದು ಅಗಲಕ್ಕೆ ಹೋಯಿತು. ಬ್ಯಾಟು ಹಿಡಿದು ನಿಂತಿದ್ದ ಕೆಂಪು ಗಡ್ಡದ ದೈತ್ಯ ನಕ್ಕ.

“ಸಾವಿರದ ಒಂಬೈನೂರ ಎಪ್ಪತ್ತಾರು!” ಎಂದಿತು ಮೈಕು. “ಅಮೆರಿಕದಲ್ಲಿ ಹೆಂಗಸರ ವೃತ್ತಿಪರ ಸಾಫ್ಟ್‌ಬಾಲ್ ಲೀಗ್ ಶುರುವಾಯಿತು. ನಾಲ್ಕು ವರ್ಷ ಆಡಿದರು. ಆಮೇಲೆ ಮುಚ್ಚಿತು. ಆಟಗಾರ್ತಿಯರೆಲ್ಲ ತಮ್ಮ ತಮ್ಮ ಕೆಲಸಕ್ಕೆ ಹೋದರು.”

ಮೂರನೆಯ ಚೆಂಡು ಅವಳ ಕೈಯಿಂದ ಹೊರಟಿತು. ಮೇಲೆ ಹೋಯಿತು, ಹೋಗುತ್ತಲೇ ಇತ್ತು. ಕೆಂಪು ಗಡ್ಡದವನು ಕಾದ, ಇನ್ನೂ ಸ್ವಲ್ಪ ಕಾದ, ಮತ್ತೆ ತಡೆಯಲಾರದೆ ಬೀಸಿಬಿಟ್ಟ. ಚೆಂಡು ಅವನ ನೆತ್ತಿಯ ಮೇಲೇ ಲಂಬವಾಗಿ ಎದ್ದಿತು. ಮುಸ್ತಫಾ ಮುಖವಾಡ ಕಿತ್ತೆಸೆದು, ಕೆಳಗೆ ನಿಂತು, “ಯಾ ಅಲ್ಲಾಹ್, ಹೆಬ್ಬೆರಳಿಗೆ ಬೇಡ,” ಎಂದು ಹಿಡಿದ.

ಔಟ್.

ಜರ್ಟ್ರೂಡಳಿಗೆ ನಗು ಬಂತೋ ಅಳು ಬಂತೋ ಅವಳಿಗೇ ಗೊತ್ತಾಗಲಿಲ್ಲ. ಚೆಂಡು ತಿರುಗಿ ಬಂತು. ಹಾಕಬೇಕಾಗಿತ್ತು, ಹಾಕಿದಳು.

ಗೆಲುವಿನ ಕಥೆ ಹೇಳುತ್ತೇನೆಂದು ಯಾರೂ ಕಾಯುವುದು ಬೇಡ. ಕೆನಡಾದವರು ಬಾರಿಸಿದರು. ಮೂರು ಸುತ್ತು ಮುಗಿಯುವಾಗ ಒಂಬತ್ತಕ್ಕೆ ಒಂದು. ಆ ಒಂದೂ ಯಜ್ಞೇಶನದು, ಬ್ಯಾಟು ಅಪ್ಪಿಕೊಂಡೇ ಓಡಿ ಗಳಿಸಿದ್ದು. “ತೊಂಬತ್ತೇಳರಲ್ಲಿ ಮತ್ತೆ ಲೀಗ್ ಶುರುವಾಯಿತು. ಮತ್ತೆ ಮುಚ್ಚಿತು,” ಎಂದಿತು ಮೈಕು. “ಎರಡು ಸಾವಿರದ ನಾಲ್ಕರಲ್ಲಿ ಮತ್ತೆ ಶುರು ಮಾಡಿದರು. ಎಂಥ ಹಟ ನೋಡಿ! ಒಲಿಂಪಿಕ್ಸಿನಿಂದಲೂ ಈ ಆಟವನ್ನು ತೆಗೆಯುವುದೆಂದು ಮೊನ್ನೆ ಮೊನ್ನೆ ಮತ ಹಾಕಿದ್ದಾರೆ. ಆದರೂ ಆಡುತ್ತಾರೆ.” ಕುರ್ಚಿಗಳಲ್ಲಿದ್ದವರು ಒಬ್ಬೊಬ್ಬರಾಗಿ ಎದ್ದು ಬೇಲಿಯ ಬಳಿ ಹೋಗಿದ್ದರು. ಮುಖ್ಯ ಅತಿಥಿಗಳು ಏಳಲಾರದೆ ಕೂತಿದ್ದರು. ಮಡಿಲಲ್ಲಿ ಬುಟ್ಟಿ ಮತ್ತು ಮೈಕು ಇದ್ದವಲ್ಲ. ಎಡ್ವರ್ಡ್ ಬೇಲಿ ಹಿಡಿದು, “ಹಾಕು ಜೆರ್ಟಿ, ಹಾಕು!” ಎಂದು ಕೂಗುತ್ತಿದ್ದ. ಫೋಟೋ ತೆಗೆಯುವುದನ್ನು ಮರೆತಿದ್ದ.

ಆರನೆಯ ಸುತ್ತಿನ ಕೊನೆಗೆ ಯಜ್ಞೇಶ ಕಾಲು ತಿರುಚಿಕೊಂಡು ಬಿದ್ದ. ಎತ್ತಿ ಕುರ್ಚಿಗೆ ತಂದರು. ಎಡ್ನಾ ಜರ್ಟ್ರೂಡಳ ಬಳಿ ಬಂದಳು. “ಏಳೇ ಜನ ಮ್ಯಾಮ್. ಎಂಟು ಇಲ್ಲದಿದ್ದರೆ ಇಲ್ಲಿಗೇ ನಿಲ್ಲಿಸಬೇಕು.”

ಏಳು ಸುತ್ತಿನ ಆಟದಲ್ಲಿ ಇನ್ನೊಂದು ಉಳಿದಿತ್ತು. ಜರ್ಟ್ರೂಡ್ ಸುತ್ತ ನೋಡಿದಳು. ಲೀಗಿಗೆ ಕೊಟ್ಟ ಆಟಗಾರರ ಪಟ್ಟಿಯಲ್ಲಿ ಎಡ್ವರ್ಡನ ಹೆಸರು ಇರಲಿಲ್ಲ. ಪಟ್ಟಿಯಲ್ಲಿ ಇದ್ದ, ಯಾವತ್ತೂ ಆಡದ ಒಂದೇ ಹೆಸರು ಮೊಟ್ಟಮೊದಲಿನದು. ಅಧ್ಯಕ್ಷರ ಹೆಸರಿಲ್ಲದೆ ಬಳಗದಲ್ಲಿ ಯಾವ ಪಟ್ಟಿಯೂ ಶುರುವಾಗುವುದಿಲ್ಲ.

ಅಪ್ಪಯ್ಯ ಆಗಷ್ಟೇ ಹನ್ನೊಂದನೆಯ ಪುಟ ಮುಗಿಸಿ ತಲೆಯೆತ್ತಿದ್ದರು. ಎದುರಿಗೆ ಖಾಲಿ ಕುರ್ಚಿಗಳು. ಅವರು ಪುಟಗಳನ್ನು ಮಡಚಿದರು.

“ನನ್ನ ಭಾಷಣ ಯಾರೂ ಕೇಳಲಿಲ್ಲ ಅಲ್ವಾ ಬಾಯಮ್ಮ? ನೀವು ಕೂಡ ಎದ್ದು ಹೋದ್ರಿ.”

“ನಾನು ಕೇಳಿದೆ ಅಣ್ಣ,” ಎಂದಳು ಜರ್ಟ್ರೂಡ್. “ಹೆಂಗಸರ ಲೀಗ್ ಮೂರು ಸಲ ಶುರುವಾಯ್ತು, ಎರಡು ಸಲ ಮುಚ್ಚಿತು. ಸರಿಯಾ? ಒಂದೊಂದು ಮಾತೂ ಕೇಳಿದೆ. ಈಗ ಬನ್ನಿ, ಬಲಬದಿಯ ಮೂಲೆಯಲ್ಲಿ ನಿಲ್ಲಿ.”

“ನಾನಾ? ನಾನು ಅಧ್ಯಕ್ಷ!”

“ಎಂತ ಮಾಡ್ಲಿಕ್ಕೂ ಇಲ್ಲ. ನಿಂತರೆ ಸಾಕು.”

“ಚೆಂಡು ಬಂದರೆ?”

“ಸ್ವಾಗತ ಮಾಡಿ,” ಎಂದ ಮುಸ್ತಫಾ. “ಭಾಷಣ ಮಾತ್ರ ಬೇಡ ಅಣ್ಣ, ಯಲ್ಲಾ!”

ಅಪ್ಪಯ್ಯ ಹೋಗಿ ನಿಂತರು. ಜಾಕೆಟಿನ ಜಿಪ್ಪು ಕೊರಳಿನವರೆಗೆ ಇದ್ದಂತೆಯೇ. ಎಡ್ನಾ ಎಂಟು ಎಣಿಸಿದಳು. ಜರ್ಟ್ರೂಡ್ ಏಳನೆಯ ಸುತ್ತನ್ನು ಹಾಕಿದಳು. ಚೆಂಡೊಂದು ಅಪ್ಪಯ್ಯನವರ ಕಡೆಗೂ ಹೋಯಿತು. ಅವರು ಎರಡೂ ಕೈ ಜೋಡಿಸಿ ಮುಂದೆ ಬಂದರು, ಅದು ಅವರ ಹಿಂದೆ ಹತ್ತು ಮಾರು ದೂರ ಬಿತ್ತು. ಅವರು ಅದರ ಹಿಂದೆ ಓಡಿದ ಓಟ ಮಾತ್ರ ಬಳಗದವರು ಇದುವರೆಗೆ ನೋಡದಿದ್ದದ್ದು. ಕೊನೆಯ ಔಟು ಬಿದ್ದಾಗ ಹತ್ತೊಂಬತ್ತಕ್ಕೆ ಮೂರು. ಬಳಗ ಸೋತಿತ್ತು, ಮತ್ತು ಲೀಗಿನಲ್ಲಿ ಉಳಿದಿತ್ತು.

ಧೂಳು ಬಡಿದ ಅಪ್ಪಯ್ಯ ಏದುಸಿರು ಬಿಡುತ್ತ ಬಂದರು. “ಅದು ಹೇಗೆ ಬಾಯಮ್ಮ, ಬರುವಾಗ ಮೆಲ್ಲ ಬರ್ತದೆ, ಹಿಡಿಲಿಕ್ಕೆ ಹೋದ್ರೆ ಇಲ್ಲವೇ ಇಲ್ಲ! ಬರುವ ಶುಕ್ರವಾರ ಆಟ ಎಷ್ಟಕ್ಕೆ?”

“ಮೂರಕ್ಕೆ.”

“ಹಾಗಾದ್ರೆ ಸಭೆ ಎರಡೂವರೆಗೆ...”

ಜರ್ಟ್ರೂಡ್ ಎಡ್ನಾಳಂತೆ ಎಡಗೈಯ ಮಣಿಕಟ್ಟನ್ನು ಎತ್ತಿ ತೋರಿಸಿದಳು.

“ಆಯ್ತು ಮಾರಾಯ್ತಿ, ಐದಕ್ಕೆ,” ಎಂದರು ಅಪ್ಪಯ್ಯ.

ಆ ಸಂಜೆ ಮನೆಯಲ್ಲಿ ಏಳು ಗಂಟೆಗೆ ಜಪಸರಕ್ಕೆ ಮೊಣಕಾಲೂರಿದಾಗ ಜರ್ಟ್ರೂಡಳ ಬಲಗೈ ಏಳಲಿಲ್ಲ. ಶಿಲುಬೆಯ ಗುರುತಿಗೆಂದು ಎತ್ತಿದರೆ ಎದೆಯವರೆಗೆ ಬಂದು ನಿಂತಿತು. ಹೆಗಲಿನಿಂದ ಬೆರಳಿನ ತುದಿಯವರೆಗೂ ಒಂದೇ ನೋವು.

“ಎಡಗೈಯಲ್ಲಿ ಮಾಡು,” ಎಂದ ಎಡ್ವರ್ಡ್. “ದೇವರು ಎಂತ ಹೇಳುದಿಲ್ಲ.”

“ಬೇಡ. ಇದೇ ಕೈಯಲ್ಲಿ,” ಎಂದಳು ಅವಳು. ಕಣ್ಣು ಮುಚ್ಚಿ, ಅವಸರವಿಲ್ಲದೆ, ಕೈಯನ್ನು ಹಣೆಯವರೆಗೆ ಒಯ್ದಳು.